ಗದ್ದೆ ಇಲ್ಲದ ಮನೆಯ ಭೂಮಿ ಹುಣ್ಣಿಮೆ: ಬಯಕೆಯ ಬುಟ್ಟಿಯನ್ನು ಎಲ್ಲಿಗೆ ಒಯ್ಯಬೇಕು?

ಭೂಮಣ್ಣಿ_ಸೊರಬ

ಎಲ್ಲರಿಗೂ ನಮಸ್ಕಾರ. ನಾನು ಸೊರಬ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ನಮ್ಮದು ದೀವರ ಮನೆತನ. ಬಯಲುಸೀಮೆಯವರು ಶೀಗಿ ಹುಣ್ಣಿಮೆ ಎನ್ನುವ ಆಶ್ವೀಜ ಮಾಸದ ಹುಣ್ಣಿಮೆಯನ್ನು ನಾವು ಭೂಮಿ ಹುಣ್ಣಿಮೆ ಎಂದು ಆಚರಿಸುತ್ತೇವೆ. ಮಳೆಗಾಲದಲ್ಲಿ ನಾಟಿ ಮಾಡಿದ ಭತ್ತ ಆ ಹೊತ್ತಿಗೆ ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ. ಸುತ್ತಿಕೊಂಡ ಎಲೆಯ ನಡುವೆ ಪೈರಿನ ಹೊಟ್ಟೆ ಉಬ್ಬಿರುತ್ತದೆ, ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಒಳಗಿನ ಎಳೆಯ ತೆನೆ ಕೈಗೆ ತಿಳಿಯುತ್ತದೆ. ಬಸುರಿಗೆ ಬಯಕೆ ಊಟ ಹಾಕುವಂತೆ ಭೂಮಿತಾಯಿಗೂ ಬಯಕೆ ಹಾಕಬೇಕೆಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ.

ಇದರ ಕೆಲಸ ದಸರೆ ಮುಗಿಯುತ್ತಿದ್ದಂತೆ ಆರಂಭವಾಗುತ್ತದೆ. ಬಿದಿರಿನ ಎರಡು ಬುಟ್ಟಿಗಳಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿ, ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುತ್ತೇವೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿಯ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರು ಮಲಗುವುದಿಲ್ಲ. ಚೀನಿಕಾಯಿ ಕಡುಬು, ಕೊಟ್ಟೆ ಕಡುಬು, ಹೋಳಿಗೆ, ಮೊಸರು ಬುತ್ತಿ, ಅಮಟೆಕಾಯಿ ಗೊಜ್ಜು ಎಲ್ಲವೂ ಬೆಳಗಿನ ಜಾವದೊಳಗೆ ಆಗಬೇಕು. ಬೇಲಿ, ಹಿತ್ತಲು, ಗುಡ್ಡಗಳಿಂದ ಕೊಯ್ದು ತಂದ ನಾನಾ ಬಗೆಯ ಸೊಪ್ಪಿನ ಕುಡಿಗಳನ್ನು ಬೇಯಿಸಿ ಅನ್ನದಲ್ಲಿ ಕಲಸಿದರೆ ಹಚ್ಚಂಬಲಿಯಾಗುತ್ತದೆ. ಕಾಗೆ ಕೂಗುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಅದನ್ನು ಪೈರಿನ ಮೇಲೆ ಬೀರುತ್ತ, ಭೂತಾಯಿ ಬಂದು ಉಂಡು ಹೋಗಲಿ ಎಂದು ಕೂಗುತ್ತಾರೆ. ಬೆಳಗಾದ ಮೇಲೆ ಮನೆಮಂದಿಯೆಲ್ಲ ಹೋಗಿ, ಪೈರಿನ ಒಂದು ಬುಡಕ್ಕೆ ಮನೆಯಾಕೆಯ ಕೊರಳ ಸರ ತೊಡಿಸಿ ಪೂಜೆ ಮಾಡುತ್ತೇವೆ. ಕಾಗೆಗೊಂದು, ಇಲಿಗೊಂದು ಎಡೆ ಇಟ್ಟ ನಂತರವೇ ನಮ್ಮ ಊಟ. ನಮ್ಮ ಮನೆಯಲ್ಲಿ ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹುಗಿದು, ಕೊಯ್ಲಿನ ದಿನ ಅದನ್ನು ಹುಡುಕಿ ತೆಗೆಯುವ ವಾಡಿಕೆಯೂ ಇತ್ತು.

ಇತ್ತು ಎಂದು ಬರೆಯುವಾಗ ಕೈ ನಡುಗುತ್ತದೆ. ಮೂರು ವರ್ಷಗಳ ಹಿಂದೆ ನನ್ನ ಯಜಮಾನರೂ ಮೈದುನನೂ ಸೇರಿ ಇಡೀ ಗದ್ದೆಗೆ ಅಡಿಕೆ ಸಸಿ ಹಾಕಿದರು. ನಾಟಿಗೆ ಆಳು ಸಿಗುವುದಿಲ್ಲ, ಭತ್ತದಲ್ಲಿ ಖರ್ಚೂ ಹುಟ್ಟುವುದಿಲ್ಲ ಎಂಬ ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಎಪ್ಪತ್ತು ದಾಟಿದ ನಮ್ಮತ್ತೆಯವರು ಪ್ರತಿ ದಸರೆಗೂ ಬುಟ್ಟಿಗಳನ್ನು ಅಟ್ಟದಿಂದ ಇಳಿಸಿ, ಬಿಸಿಲಿಗಿಟ್ಟು, ನನ್ನ ಮುಖ ನೋಡುತ್ತಾರೆ. ಎರಡು ವರ್ಷ ದೇವರ ಕೋಣೆಯಲ್ಲೇ ಎಡೆ ಇಟ್ಟೆವು. ಅತ್ತೆಯವರು ಆ ಎರಡೂ ಸಲ ಅನ್ನ ಕಲಸಿದರೇ ಹೊರತು ಉಣ್ಣಲಿಲ್ಲ. ಹೊಡೆಯಾದ ಪೈರೇ ಇಲ್ಲದ ಮೇಲೆ ಬಯಕೆ ಯಾರಿಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ತೋಟಿಗ_ಸಿದ್ದಾಪುರ

ಅಕ್ಕ, ನಮ್ಮ ಕಡೆ ಅಡಿಕೆ ತೋಟದಲ್ಲೂ ಭೂಮಿ ಹುಣ್ಣಿಮೆಯ ಪೂಜೆ ನಡೆಯುತ್ತದೆ. ಆ ಹೊತ್ತಿಗೆ ಗೊನೆ ತುಂಬಿ ಬೆಳೆದು ಕೊಯ್ಲಿಗೆ ಹತ್ತಿರವಾಗಿರುತ್ತದೆ. ಫಲ ಹೊತ್ತ ಮರದ ಬುಡಕ್ಕೆ ಎಡೆ ಇಡುವುದರಲ್ಲಿ ಯಾವ ಲೋಪವೂ ಇಲ್ಲ. ನಿಮ್ಮ ಸಸಿಗಳು ಫಲ ಕೊಡಲು ಇನ್ನೂ ಎರಡು ಮೂರು ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ಅವು ಎಳೆಯ ಮಕ್ಕಳೆಂದು ತಿಳಿದು ಉಣಿಸಿ.

ಡೋಣಿಸಾಲು_ವಿಜಯಪುರ

ತಂಗಿ, ನಿನ್ನ ಬರಹ ಓದುತ್ತಿದ್ದಂತೆ ನಮ್ಮ ಹೊಲವೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಶೀಗಿ ಹುಣ್ಣಿಮೆಗೂ ಚರಗ ಚೆಲ್ಲುತ್ತೇವೆ, ಅಂದರೆ ಎಡೆಯ ಅನ್ನವನ್ನು ಹೊಲದಲ್ಲಿ ಬೀರುತ್ತೇವೆ. ಆದರೆ ದೊಡ್ಡ ಚರಗ ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುವ ಎಳ್ಳಮಾವಾಸ್ಯೆಯದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತಿಗೆ ಕಾರಣವಾದ, ಡೋಣಿ ಹೊಳೆಯ ಸೀಮೆಯ ಕಪ್ಪು ಎರೆ ನೆಲ ನಮ್ಮದು. ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತುತ್ತೇವೆ. ಆ ಬಳಿಕ ಮಳೆ ಬಂದರೂ ಬರಬಹುದು, ಬರದಿದ್ದರೂ ಇರಬಹುದು. ನೆಲ ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ಹಸಿಯಿಂದಲೇ ಪೈರು ಎದೆಯುದ್ದ ಬೆಳೆದು, ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಡೆ ಬಿಚ್ಚುತ್ತದೆ. ಒಂದು ಕೊಡ ನೀರನ್ನೂ ಹಾಕದ ನಮಗೆ ಅದು ನಮ್ಮ ದುಡಿಮೆಯ ಫಲ ಮಾತ್ರ ಎಂದು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಅಂದು ಬಂಡಿ ಕಟ್ಟಿಕೊಂಡು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಜೋಳದ ಕಡುಬು, ಪುಂಡಿ ಪಲ್ಲೆ, ಬದನೆಕಾಯಿ, ಮೊಸರನ್ನ ಒಯ್ಯುತ್ತೇವೆ. ಬನ್ನಿ ಮರದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಭಾವಿಸಿ ಎಡೆ ಹಿಡಿಯುತ್ತೇವೆ. ಬಳಿಕ ಒಬ್ಬನು ಮುಂದೆ ನಡೆದು ಚರಗ ಚೆಲ್ಲುತ್ತ ‘ಹುಲಿಗ್ಯೋ’ ಎಂದು ಕೂಗಿದರೆ, ನೀರಿನ ತಂಬಿಗೆ ಹಿಡಿದು ಹಿಂದೆ ಬರುವವನು ‘ಚಲ್ಲಂಬರಿಗ್ಯೋ’ ಎನ್ನುತ್ತಾನೆ. ಈ ಕೂಗು ಊರಿಂದೂರಿಗೆ ಬೇರೆಯಾಗುತ್ತದೆ. ಹೊಲದ ನಾಲ್ಕೂ ದಿಕ್ಕಿಗೆ ಅನ್ನ ಬೀಳಬೇಕು ಎಂಬುದೊಂದೇ ಎಲ್ಲೆಡೆಯ ಕಟ್ಟಳೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹೊಲವಿಲ್ಲದವರು ನಮ್ಮೂರಿನಲ್ಲಿಯೂ ಇದ್ದಾರೆ. ಅವರು ಎಳ್ಳಮಾವಾಸ್ಯೆಯಂದು ಮನೆಯಲ್ಲಿ ಕೂರುವುದಿಲ್ಲ. ಬುತ್ತಿ ಕಟ್ಟಿಕೊಂಡು ಬಲ್ಲವರ ಹೊಲಕ್ಕೆ ಬರುತ್ತಾರೆ. ಅಂದು ಯಾರನ್ನೂ ಬೇಡ ಎನ್ನುವ ಪದ್ಧತಿಯಿಲ್ಲ, ಕರೆಯದೆ ಬಂದವರಿಗೂ ಎಲೆ ಹಾಕುತ್ತೇವೆ. ಅವರು ತಂದ ಬುತ್ತಿಯಿಂದಲೂ ಒಂದು ಹಿಡಿ ನಮ್ಮ ಚರಗಕ್ಕೆ ಸೇರುತ್ತದೆ. ಆದ್ದರಿಂದ ಗದ್ದೆ ಯಾರ ಹೆಸರಿನಲ್ಲಿದೆ ಎಂದು ಭೂಮಿತಾಯಿ ಪಹಣಿ ನೋಡುತ್ತಾಳೆಂದು ನನಗೆ ಅನ್ನಿಸುವುದಿಲ್ಲ.

ಭದ್ರಾನಾಲೆ_ದಾವಣಗೆರೆ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಸಂಕಟವನ್ನು ಹೇಳಿಕೊಳ್ಳುತ್ತೇನೆ. ನಾನು ನಾಲೆ ನೀರಿನಲ್ಲಿ ಭತ್ತ ಬೆಳೆಯುವವನು. ಒಂದು ವರ್ಷ ಕೊಯ್ಲಿಗೆ ನಾಲ್ಕು ದಿನ ಬಾಕಿ ಇರುವಾಗ ಮಳೆ ಹಿಡಿಯಿತು. ಪೈರು ಮಲಗಿತು, ತೆನೆ ನೀರಿನಲ್ಲಿ ಮುಳುಗಿತು, ಐದನೆಯ ದಿನ ನೋಡಿದರೆ ತೆನೆಯಲ್ಲಿಯೇ ಕಾಳು ಮೊಳಕೆ ಒಡೆದಿತ್ತು. ಬಿಳಿಯ ಮೊಳಕೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ಕುಳಿತಿದ್ದೆ. ಆ ವರ್ಷ ಸಂಕ್ರಾಂತಿಗೆ ಪೂಜೆ ಮಾಡಲು ನನಗೆ ಮನಸ್ಸಾಗಲಿಲ್ಲ. ಕೊಟ್ಟ ದೇವರಿಗೆ ಕೈ ಮುಗಿಯಬೇಕು ಎನ್ನುವುದಾದರೆ, ಕೊಟ್ಟಂತೆ ಮಾಡಿ ಕಿತ್ತುಕೊಂಡ ವರ್ಷ ಏನು ಮಾಡಬೇಕು? ಇದನ್ನು ವಾದಕ್ಕಾಗಿ ಕೇಳುತ್ತಿಲ್ಲ. ನನ್ನ ತಂದೆಯವರನ್ನು ಕೇಳಿದಾಗ ಅವರು ಏನೂ ಹೇಳದೆ ಎದ್ದು ಹೋಗಿ ದೀಪ ಹಚ್ಚಿದರು.

ಡೋಣಿಸಾಲು_ವಿಜಯಪುರ

ತಮ್ಮಾ, ನಿನ್ನ ತಂದೆಯವರು ದೀಪ ಹಚ್ಚಿದ್ದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ. ಆದರೂ ಕೇಳಿದ್ದೀಯೆ, ನಮ್ಮ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ್ದು ನೆನಪಿರಬಹುದು. ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಜೋಳ ಮೊಳಕಾಲೆತ್ತರವೂ ಇರಲಿಲ್ಲ. ನೆಲ ಬಿರುಕು ಬಿಟ್ಟು, ಬಿರುಕಿನೊಳಗೆ ಕೈ ಹೋಗುವಂತಿತ್ತು. ಈ ಸಲ ಚರಗ ಬೇಡವೆಂದು ನನ್ನ ಮಗ ಹೇಳಿದ. ನನ್ನ ಹೆಂಡತಿ ಮಾತ್ರ ಎಂದಿನಂತೆ ರೊಟ್ಟಿ ಬಡಿದಳು. ಹೊಲಕ್ಕೆ ಹೋಗಿ, ಆ ಬಿರುಕುಗಳಲ್ಲಿಯೇ ಮೊಸರನ್ನ ಹಾಕಿದಳು. ಹೆತ್ತವಳ ಮೈಯಲ್ಲಿ ಹಾಲಿಲ್ಲದಾಗಲೇ ಅವಳಿಗೆ ಹೆಚ್ಚು ಉಣಿಸಬೇಕಲ್ಲವೇ ಎಂದು ಮಗನಿಗೆ ಹೇಳಿದಳು. ನಾನು ಅದುವರೆಗೆ ಚರಗವನ್ನು ಬೆಳೆಗೆ ಸಲ್ಲಿಸುವ ಕೃತಜ್ಞತೆ ಎಂದುಕೊಂಡಿದ್ದೆ. ಅಂದಿನಿಂದ ಹಾಗೆ ಅಂದುಕೊಳ್ಳುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸು. ಭೂಮಿ ಹುಣ್ಣಿಮೆಯಾಗಲಿ, ಎಳ್ಳಮಾವಾಸ್ಯೆಯಾಗಲಿ ಕೊಯ್ಲಿನ ನಂತರ ಬರುವುದಿಲ್ಲ. ಕೈಗೆ ಬರುತ್ತದೋ ಇಲ್ಲವೋ ತಿಳಿಯದಿರುವಾಗಲೇ ಬರುತ್ತವೆ. ಕಾಳು ಕಟ್ಟಿದ ಮೇಲೆ ಲೆಕ್ಕ ನೋಡಿಕೊಂಡು ಎಡೆ ಇಡಬೇಕೆಂದು ಹಿರಿಯರು ಬಗೆದಿದ್ದರೆ ಬೇರೆ ದಿನ ಗೊತ್ತು ಮಾಡುತ್ತಿದ್ದರು.

ರಾಗಿಕಣ_ನಾಗಮಂಗಲ

ಕೊಯ್ಲಿನ ನಂತರವೂ ಒಂದು ಪೂಜೆ ಇದೆ, ಹಿರಿಯರೇ, ಅದನ್ನು ಬಿಡಬಾರದು. ನಮ್ಮ ಕಡೆಯ ಕಣದ ಪೂಜೆಯನ್ನು ಈಗಿನ ಮಕ್ಕಳು ಕಂಡಿಲ್ಲ. ಹುಲ್ಲು ಕೆತ್ತಿ, ನೀರು ಹಾಕಿ, ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದೆವು. ನಡುವೆ ನಿಲ್ಲಿಸುವ ಮೇಟಿ ಎಂಬ ಕಂಬಕ್ಕೆ ಹಾಲು ಬರುವ ಮರವೇ ಆಗಬೇಕೆಂದು ನಮ್ಮ ತಾತನವರು ಹುಡುಕಿಕೊಂಡು ಹೋಗುತ್ತಿದ್ದರು. ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ರಾಗಿ ತೂರಿ ರಾಶಿ ಮಾಡಿದ ಮೇಲೆ, ಅದರ ನೆತ್ತಿಯಲ್ಲಿ ಸಗಣಿಯ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಅಣ್ಣೆ ಹೂವನ್ನೂ ಹುಚ್ಚೆಳ್ಳು ಹೂವನ್ನೂ ಏರಿಸುತ್ತಿದ್ದೆವು. ಅಳೆಯಲು ಆರಂಭಿಸುವಾಗ ಮಾತು ನಿಲ್ಲುತ್ತಿತ್ತು. ಚಿಕ್ಕ ಮಕ್ಕಳನ್ನೂ ಬಾಯಿ ಮುಚ್ಚಿಸುತ್ತಿದ್ದರು. ತಾತನವರು ರಾಶಿಗೆ ಮೂಡಲ ಮುಖವಾಗಿ ಮಂಡಿಯೂರಿ, ಮೊದಲ ಕೊಳಗ ತುಂಬಿದಾಗ ಒಂದು ಎನ್ನದೆ ‘ಲಾಭ’ ಎನ್ನುತ್ತಿದ್ದರು. ಎಣಿಕೆ ಎರಡರಿಂದ ಮುಂದುವರಿಯುತ್ತಿತ್ತು. ಆ ಮೊದಲ ಕೊಳಗ ದೇವರ ಮುಂದೆ ಹೋಗುತ್ತಿತ್ತು. ಬಳಿಕ ನೇಗಿಲು ಮಾಡಿಕೊಟ್ಟ ಬಡಗಿ, ಕುಡುಗೋಲು ತಟ್ಟಿಕೊಟ್ಟ ಕಮ್ಮಾರ, ಬಟ್ಟೆ ಮಡಿ ಮಾಡುವವರು, ನೀರುಗಂಟಿ ಎಲ್ಲರಿಗೂ ಅವರವರ ಪಾಲು ಕಣದಲ್ಲಿಯೇ ಸಲ್ಲುತ್ತಿತ್ತು. ಆಯ ಕೊಡುವ ಆ ವ್ಯವಸ್ಥೆಯಲ್ಲಿ ಕೆಲವರಿಗೆ ಸಿಕ್ಕಿದ್ದು ಅವರ ದುಡಿಮೆಗೆ ತೀರ ಕಡಿಮೆ, ಅದನ್ನು ಪಡೆಯಲು ಕಣದ ಹೊರಗೆ ಕೈ ಒಡ್ಡಿ ನಿಲ್ಲಬೇಕಾಗಿತ್ತು ಎಂಬುದೂ ನಿಜ. ಹಳೆಯದನ್ನು ಹೊಗಳುವಾಗ ಅದನ್ನು ಮರೆಯುವುದು ನ್ಯಾಯವಲ್ಲ. ಅಳೆದು ಮುಗಿದ ಬಳಿಕ ಕಣದಲ್ಲಿ ಉಳಿದ ಕಾಳನ್ನು ಬಳಿಯಬಾರದು, ಅದು ಹಕ್ಕಿ ಇರುವೆಗಳದು ಎಂದು ಅಜ್ಜಿ ನಮ್ಮನ್ನು ತಡೆಯುತ್ತಿದ್ದರು.

ಈಗ ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತೇವೆ, ಇಲ್ಲವೇ ಯಂತ್ರ ಬಂದು ಎರಡು ಗಂಟೆಯಲ್ಲಿ ಚೀಲಕ್ಕೆ ತುಂಬಿಸಿ ಹೋಗುತ್ತದೆ. ಕಣವಿಲ್ಲದ ನಾನು, ಮೊದಲ ಚೀಲದ ಬಾಯಿ ಹೊಲಿಯುವ ಮುನ್ನ ಅದರೊಳಗೊಂದು ಗರಿಕೆ ಹಾಕಿ, ಲಾಭ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಒಂದು ಸೇರನ್ನು ತೆಗೆದಿಡುತ್ತೇನೆ. ತಂಗಿಯವರ ಪ್ರಶ್ನೆಯೂ ನನ್ನದೂ ಒಂದೇ ಎಂದು ಇಷ್ಟು ಬರೆದೆ.

ಐನ್‌ಮನೆ_ಕೊಡಗು

ಹೊಸ ಭತ್ತದ ಹಬ್ಬವಾದ ಪುತ್ತರಿಯ ಸಂದರ್ಭದಲ್ಲಿ ನಮ್ಮನ್ನೂ ಇದೇ ಪ್ರಶ್ನೆ ಕಾಡುತ್ತದೆ. ಕಕ್ಕಬ್ಬೆಯ ಬಳಿಯ ಪಾಡಿ ಇಗ್ಗುತಪ್ಪ ದೇವರ ಸನ್ನಿಧಿಯಲ್ಲಿ ಪುತ್ತರಿಯ ಮುಹೂರ್ತ ಗೊತ್ತಾಗುತ್ತದೆ. ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ ಬರುವ ಆ ಬೆಳದಿಂಗಳ ರಾತ್ರಿ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಹಿರಿಯರ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿ, ದೀಪ ಹಿಡಿದು ಗದ್ದೆಗೆ ಇಳಿಯುತ್ತೇವೆ. ಗಾಳಿಯಲ್ಲಿ ಗುಂಡು ಹಾರಿಸಿ, ಮೊದಲ ಕದಿರನ್ನು ಕುಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಮನೆಗೆ ತರುತ್ತೇವೆ. ನೆಲ್ಲಕ್ಕಿ ಎಂಬ ನಡುಮನೆಯ ದೀಪಕ್ಕೆ, ಬಾಗಿಲಿಗೆ, ಕೊಟ್ಟಿಗೆಗೆ ಆ ಕದಿರನ್ನು ಎಲೆಗಳ ಜೊತೆ ಸೇರಿಸಿ ಕಟ್ಟುತ್ತೇವೆ. ಹೊಸ ಕಾಳನ್ನು ಸುಲಿದು ಪಾಯಸಕ್ಕೆ ಹಾಕುತ್ತೇವೆ.

ಆದರೆ ಎಷ್ಟೋ ಒಕ್ಕಗಳ ಗದ್ದೆಗಳು ಇಂದು ಪಾಳು ಬಿದ್ದಿವೆ, ಕೆಲವು ಕಾಫಿಗೆ ಹೋಗಿವೆ. ನಮ್ಮ ಒಕ್ಕದಲ್ಲಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಐನ್‌ಮನೆಯ ಎದುರಿನ ಒಂದೇ ಒಂದು ಮಡಿಯನ್ನು ಬಿಡದೆ ಉತ್ತು ನಾಟಿ ಮಾಡುತ್ತೇವೆ. ಖರ್ಚನ್ನು ಹೊರಗಿರುವ ಮಕ್ಕಳು ಹಂಚಿಕೊಳ್ಳುತ್ತಾರೆ. ಅದರಿಂದ ಬರುವ ಭತ್ತ ಒಂದು ಮನೆಗೆ ಎರಡು ತಿಂಗಳಿಗೂ ಸಾಲದು. ಆದರೆ ದೇವರ ಮುಂದೆ ಕಟ್ಟುವ ಕದಿರನ್ನು ಅಂಗಡಿಯಿಂದ ತರುವ ಸ್ಥಿತಿ ನಮಗೆ ಬಂದಿಲ್ಲ. ಅಕ್ಕ, ಅಷ್ಟೂ ಜಾಗಕ್ಕೆ ಅಡಿಕೆ ಹಾಕಿದ್ದೀರಾ? ಎಲ್ಲಾದರೂ ಒಂದು ಮೂಲೆ ಉಳಿದಿಲ್ಲವೇ?

ನೇತ್ರಾವತಿದಂಡೆ_ಮಂಗಳೂರು

ನಾವು ಕೊಂಕಣಿ ಮಾತನಾಡುವ ಕಥೋಲಿಕರು. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ, ನಮಗೆ ಅದು ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಭತ್ತದ ತೆನೆಗಳನ್ನು ಆಶೀರ್ವದಿಸಿ, ಇಗರ್ಜಿಗೆ ಬಂದ ಪ್ರತಿ ಕುಟುಂಬಕ್ಕೂ ಕೊಡುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರ ಕೈಯಿಂದ ಎಲ್ಲರೂ ಪಡೆಯುತ್ತೇವೆ. ಬಳಿಕ ಬಾಳೆ ಎಲೆಯಲ್ಲಿ ಬರಿಯ ತರಕಾರಿಯ ಊಟ. ಊರಿನಲ್ಲಿ ಇಲ್ಲದ ಮಕ್ಕಳ ಹೆಸರು ಹೇಳಿ ಅವರ ಪಾಲನ್ನೂ ತೆಗೆದಿಡುತ್ತೇವೆ. ಕೊಲ್ಲಿ ದೇಶಗಳಲ್ಲಿರುವ ನಮ್ಮವರಿಗೂ ಈ ಹಬ್ಬ ತಪ್ಪಿಲ್ಲ.

ನನ್ನ ತಾಯಿಯವರು ಗೇಣಿಗೆ ಗದ್ದೆ ಮಾಡಿದವರು. ನಾನು ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿನಲ್ಲಿದ್ದೇನೆ. ನನಗೆ ಸಿಗುವ ತೆನೆಯಲ್ಲಿ ಮೂವತ್ತೋ ನಲವತ್ತೋ ಕಾಳುಗಳಿರುತ್ತವೆ. ನಾವು ನಾಲ್ವರೂ ಊಟದ ಮೇಜಿನ ಸುತ್ತ ಕುಳಿತು, ಉಗುರಿನಿಂದ ಒಂದೊಂದೇ ಕಾಳನ್ನು ಸುಲಿಯುತ್ತೇವೆ. ಹೊಟ್ಟಿನ ಮುಳ್ಳು ಬೆರಳಿಗೆ ಚುಚ್ಚುತ್ತದೆ. ಕೆಲವು ಕಾಳು ಇನ್ನೂ ಹಾಲುಗಟ್ಟುವ ಹಂತದಲ್ಲಿದ್ದು ಒತ್ತಿದರೆ ಬಿಳಿಯ ಹನಿಯಾಗುತ್ತದೆ. ವರ್ಷವಿಡೀ ಕುಕ್ಕರಿಗೆ ಲೋಟದಲ್ಲಿ ಅಳೆದು ಸುರಿಯುವ ಅಕ್ಕಿ ಎಂತಹುದು ಎಂದು ನನ್ನ ಮಕ್ಕಳಿಗೆ ಆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಗದ್ದೆ ಇಲ್ಲದವರ ಹಬ್ಬವನ್ನು ನಾನು ಹೀಗೆ ಮಾಡುತ್ತಿದ್ದೇನೆ.

ಭದ್ರಾನಾಲೆ_ದಾವಣಗೆರೆ

ಡೋಣಿಸಾಲಿನ ಅಣ್ಣನವರ ಬರಹವನ್ನು ನನ್ನ ತಂದೆಯವರಿಗೆ ಓದಿ ಹೇಳಿದೆ. ಮೊಸರನ್ನದ ಮಾತು ಬಂದಾಗ ಅವರು ಇನ್ನೊಮ್ಮೆ ಓದು ಎಂದರು. ಆ ವರ್ಷ ಮೊಳಕೆಯೊಡೆದ ಭತ್ತವನ್ನು ನಾನು ಎಸೆಯಲು ಹೇಳಿದ್ದೆ. ಅವರು ಅದನ್ನು ಎರಡು ಮಂಕರಿಯಲ್ಲಿ ತಂದು ಹಸುಗಳಿಗೆ ಹಾಕಿದ್ದರಂತೆ. ನನಗೆ ಈವರೆಗೆ ತಿಳಿದಿರಲಿಲ್ಲ.

ಭೂಮಣ್ಣಿ_ಸೊರಬ

ಉತ್ತರ ಬರೆಯಲು ತಡವಾಯಿತು, ಕ್ಷಮಿಸಬೇಕು. ಹುಣ್ಣಿಮೆ ಕಳೆದು ಎಂಟು ದಿನವಾಯಿತು.

ಈ ಸಲ ಚಿತ್ತಾರ ಬರೆದೆವು. ಅತ್ತೆಯವರ ಕೈ ಅಲುಗುತ್ತಿದ್ದುದರಿಂದ ಗೆರೆಗಳನ್ನು ನಾನು ಎಳೆದೆ. ಚುಕ್ಕೆಗಳನ್ನು ಮಾತ್ರ ತಾವೇ ಇಡುತ್ತೇನೆಂದು ಹಟ ಹಿಡಿದು ಇಟ್ಟರು. ವಿಜಯಪುರದ ಅಣ್ಣನವರ ಮಾತಿನಂತೆ, ನಮ್ಮ ತೋಟದ ಕೆಳಗಿನ ಗದ್ದೆಯವರನ್ನು ನನ್ನ ಯಜಮಾನರು ಹೋಗಿ ಕೇಳಿದರು. ಕೇಳಲು ಅವರಿಗೆ ಸಂಕೋಚವಿತ್ತು, ಏಕೆಂದರೆ ನಾವು ತೋಟ ಮಾಡಿದಾಗ ಬಸಿಗಾಲುವೆಯ ವಿಷಯದಲ್ಲಿ ಅವರೊಡನೆ ಮಾತು ಬೆಳೆದಿತ್ತು. ಆ ಮನೆಯ ಯಜಮಾನರು, ಭೂಮಿತಾಯಿಗೆ ಉಣಿಸಲು ನನ್ನನ್ನು ಕೇಳುವುದೇಕೆ ಎಂದು ಬಿಟ್ಟರು.

ಬೆಳಗಿನ ಜಾವ ಎರಡು ಮನೆಯ ಬುಟ್ಟಿಗಳೂ ಒಂದೇ ಬದುವಿನಲ್ಲಿ ಹೋದವು. ಅವರ ಗದ್ದೆಯಲ್ಲಿ ಹಚ್ಚಂಬಲಿ ಬೀರಿದ ಮೇಲೆ ನನ್ನ ಮೈದುನ ಯಾರೂ ಹೇಳದೆಯೇ ನಮ್ಮ ಅಡಿಕೆ ಸಾಲಿನೊಳಗೂ ಬೀರುತ್ತ ನಡೆದನು. ಬೆಳಕು ಹರಿದಾಗ ಅತ್ತೆಯವರು ನೆರೆಯವರ ಪೈರಿಗೆ ತಮ್ಮ ಸರ ತೊಡಿಸಿದರು. ಹೊಡೆ ಬಿಚ್ಚಿದ ಕೆಲವು ತೆನೆಗಳು ಅಲ್ಲಲ್ಲಿ ಕಾಣುತ್ತಿದ್ದವು. ಹೊತ್ತೇರಿದ ಮೇಲೆ ಅವುಗಳ ಹೂ ಬಾಯಿ ತೆರೆಯುವುದನ್ನು ಮೊಮ್ಮಗಳಿಗೆ ತೋರಿಸಿ, ಈ ಹೊತ್ತಿನಲ್ಲಿ ದೊಡ್ಡ ಮಳೆ ಬಿದ್ದರೆ ಎಲ್ಲವೂ ಜಳ್ಳಾಗುತ್ತದೆ, ಅದಕ್ಕೇ ಬೇಡಿಕೊಳ್ಳುವುದು ಎಂದು ಹೇಳಿದರು. ಆ ದಿನ ಅವರು ಹೊಟ್ಟೆ ತುಂಬ ಉಂಡರು. ಎರಡನೆಯ ಸಲ ಚೀನಿಕಾಯಿ ಕಡುಬು ಹಾಕಿಸಿಕೊಂಡರು.

ಕೊಡಗಿನವರು ಕೇಳಿದ ಮೂಲೆಯ ವಿಷಯ. ಅಡಿಕೆಗೆ ನೀರು ನಿಲ್ಲಬಾರದು, ಆದರೆ ನಮ್ಮ ಕೆಳಗಿನ ಆರು ಗುಂಟೆಯಲ್ಲಿ ಮಳೆಗಾಲವೆಲ್ಲ ನೀರು ನಿಲ್ಲುತ್ತದೆ. ಅಲ್ಲಿಯ ಸಸಿಗಳು ಎರಡು ಸಲ ಕೊಳೆತು ಹೋದವು. ಮೂರನೆಯ ಸಲ ಸಸಿ ತರುವುದಿಲ್ಲವೆಂದು ಯಜಮಾನರು ಒಪ್ಪಿದ್ದಾರೆ. ಕಡುಬನ್ನು ಈ ಸಲ ಅಲ್ಲಿಯೇ ಹುಗಿದಿದ್ದೇವೆ. ನೀರಿನಲ್ಲಿ ಮುಳುಗಿದರೂ ಸಾಯದ ನೆರೆಗುಳಿ ಭತ್ತವನ್ನು ವರದಾ ಹೊಳೆಯ ಬದಿಯವರು ಹಿಂದೆ ಬೆಳೆಯುತ್ತಿದ್ದರು. ಅದರ ಬೀಜ ಯಾರ ಬಳಿಯಾದರೂ ಇದ್ದರೆ, ಆರು ಗುಂಟೆಗೆ ಸಾಕಾಗುವಷ್ಟು ಬೇಕಾಗಿದೆ.

ತೋಟಿಗ_ಸಿದ್ದಾಪುರ

ನನ್ನ ತಂಗಿಯನ್ನು ವರದಾ ಹೊಳೆಯ ದಂಡೆಯ ಊರಿಗೆ ಕೊಟ್ಟಿದೆ. ಅವರ ಮನೆಯಲ್ಲಿ ಈಗಲೂ ನೆರೆಗುಳಿ ಬಿತ್ತುತ್ತಾರೆ. ಕೊಯ್ಲು ಮುಗಿದ ಮೇಲೆ ಬೀಜದ ಭತ್ತ ತೆಗೆದಿಡಲು ಹೇಳುತ್ತೇನೆ. ಹಣದ ಮಾತು ಬೇಡ, ಅಕ್ಕ. ಬರುವಾಗ ಭೂಮಣ್ಣಿ ಬುಟ್ಟಿಯನ್ನೇ ತನ್ನಿ, ಅದರಲ್ಲಿಯೇ ಅಳೆದು ಕೊಡುತ್ತಾರೆ.